ಹೊರಗೆ ಬಾರದ ಆರನೆಯದು

“ಬಾಲ ಎಲ್ಲಿದೆ, ತೋರ್ಸು!”

ಲ್ಯಾಬಿನ ಮುಖ್ಯಸ್ಥ ಪರೀಕ್ಷೆಯ ಫಿಲ್ಮನ್ನು ಬೆಳಕಿನ ಪೆಟ್ಟಿಗೆಯ ಮೇಲೆ ಬಿಸಾಡಿದ. ಸಂಶೋಧಕಿ ಬಗ್ಗಿ ನೋಡಿದಳು. ಸತ್ತುಹೋದ ಮಗುವೊಂದರ ಜೀವಕೋಶಗಳಿಂದ ತೆಗೆದು ಅವಳು ಫ್ರೀಜರಿನಲ್ಲಿಟ್ಟಿದ್ದ ಕೊನೆಯ ಟ್ಯೂಬಿನ ಫಿಲ್ಮು ಅದು. ಟ್ಯೂಬಿನೊಳಗಿನ ಕಿರು ಆರ್‌ಎನ್‌ಎಗಳಿಗೆ ಉದ್ದನೆಯ ಬಾಲವಿರಬೇಕಿತ್ತು. ಈಗ ಒಂದಕ್ಕೂ ಇಲ್ಲ!

“ಯಾರೋ ಒಳಗಿದ್ದದ್ದನ್ನ ಬದಲಾಯಿಸಿದ್ದಾರೆ.”

“ಹೌದೌದು, ದೆವ್ವ ಬಂದು ಬದಲಾಯಿಸ್ತು!”

ಬಾಗಿಲ ಬಳಿ ನಿಂತಿದ್ದ ಸಂಶೋಧಕಿಯ ಅಕ್ಕ ಹಲ್ಲು ಕಚ್ಚಿದಳು. ಸತ್ತ ಮಗು ಅವಳದೇ. “ನನ್ನ ಮಗ ಯಾಕೆ ಹೋದ ಅಂತ ಗೊತ್ತಾಯ್ತು ಅಂದಿದ್ದೆಯಲ್ಲ, ಅದೂ ಸುಳ್ಳಾ? ಹೆಸರು ಮಾಡೋಕೆ ನಿಂಗೆ ನನ್ನ ಮಗನೇ ಬೇಕಾಗಿದ್ನಾ?”

“ಅಕ್ಕಾ, ನಿನ್ನೆ ಫ್ರೀಜರ್ ಮುಂದೆ ನಿಂತು ಎಲ್ಲಾ ಚೆಲ್ಲಿಬಿಡ್ತೀನಿ ಅಂದಿದ್ದು ಯಾರು?”

“ಅಂದ್ರೆ? ಕಳ್ಳಿ ನಾನಾ?”

“ಕಿತ್ತಾಟ ಆಮೇಲೆ,” ಎಂದಿತು ಮೂಲೆಯ ಸ್ಟೂಲಿನಿಂದ ಒಂದು ದನಿ. ಸಂಶೋಧಕಿ ಸುಳ್ಳು ಫಲಿತಾಂಶ ಕಟ್ಟಿದ್ದಾಳೆಂಬ ಮುಖ್ಯಸ್ಥನ ದೂರನ್ನು ವಿಚಾರಿಸಲು ಆಡಳಿತ ಮಂಡಳಿ ಕಳಿಸಿದ್ದ ಹಿರಿಯ ವಿಜ್ಞಾನಿ ಆಕೆ. ಲ್ಯಾಬಿನವರ ಬಾಯಲ್ಲಿ ಅಜ್ಜಿ. ಇಂದಿನ ಪರೀಕ್ಷೆ ಅವರೆದುರಿಗೇ ನಡೆದಿತ್ತು. ಸಂಶೋಧಕಿಯ ಕೆಲಸ, ಮಾನ ಎರಡೂ ಈಗ ಅವರ ಒಂದು ಮಾತಿನ ಮೇಲೆ ನಿಂತಿದ್ದವು.

“ಟ್ಯೂಬಿನಲ್ಲಿ ಏನಿಟ್ಟಿದ್ದೆ? ನಿಮ್ಮಕ್ಕನಿಗೂ ಅರ್ಥವಾಗೋ ಹಾಗೆ ಹೇಳು.”

“ಈ ಕಿರು ಆರ್‌ಎನ್‌ಎಗಳಿಗೆ ನಂಬರೇ ಹೆಸರು. ಹುಟ್ಟೋದು ಕೋಶಕೇಂದ್ರದಲ್ಲಿ, ಕೋಶದ ನಡುಮನೆ ಅನ್ನಿ. ಅಲ್ಲಿಂದ ಬಹುತೇಕ ಎಲ್ಲವೂ ಹೊರಗಿನ ಅಂಗಳಕ್ಕೆ ಬರ್ತವೆ. ಪ್ರೋಟೀನಿನ ಉಂಗುರ ತೊಟ್ಟು, ಹೆಚ್ಚಿನ ಬಾಲ ಕಳ್ಕೊಂಡು, ಮತ್ತೆ ಒಳಗೆ ಹೋಗಿ ಕೆಲಸ ಹಿಡೀತವೆ. ಮಗುವಿನವು ಬಾಲದ ಸಮೇತ ಅಂಗಳದಲ್ಲೇ ಸಿಕ್ಕಿಬಿದ್ದಿದ್ವು, ರೋಗ ಬಂದಿದ್ದೇ ಅದರಿಂದ. ಅದಕ್ಕೇ ಕೋಶಾನ ಮೆಲ್ಲಗೆ ಒಡೆದು, ಅಂಗಳದ ಪಾಲನ್ನ ಮಾತ್ರ ಬೇರೆ ಮಾಡಿ ಇಟ್ಟಿದ್ದೆ.”

ಮುಖ್ಯಸ್ಥ ಮೂಗು ಮುರಿದ. “ಒಳಗು ಹೊರಗು ಅಂತ ಇಡೀ ದಿನ ನಾಜೂಕು ಮಾಡ್ತಾಳೆ! ನಾನು ಇಡೀ ಕೋಶಾನೇ ಒಂದೇ ಏಟಿಗೆ ಕರಗಿಸ್ತೀನಿ. ಏನು ಮುಳುಗಿಹೋಯ್ತು? ಈ ಬಾಲದಿಂದ ರೋಗ ಬರಲ್ಲ ಅಂತ ಪುಸ್ತಕಾನೇ ಬರೆದಿದ್ದೀನಿ.”

“ಈಗಲೂ ಹಾಗೇ ಕರಗಿಸ್ತೀರಾ?” ಎಂದರು ಅಜ್ಜಿ.

“ಈಗಲೂ. ಇಲ್ಲಿ ಆರ್‌ಎನ್‌ಎ ತೆಗೆಯೋಕೆ ಬರೋದು ನಮ್ಮಿಬ್ಬರಿಗೇ. ಕಲಿಸಿದ್ದೂ ನಾನೇ — ಅನುಭವಿಸ್ತಿದ್ದೀನಿ.”

ಸಂಶೋಧಕಿ ಹಿಂದೊಮ್ಮೆ ತೆಗೆದಿದ್ದ ಅದೇ ಟ್ಯೂಬಿನ ಹಳೆಯ ಫಿಲ್ಮನ್ನು ಅಜ್ಜಿ ತರಿಸಿ ಹೊಸದರ ಪಕ್ಕಕ್ಕಿಟ್ಟರು. ಅವರ ಬೆರಳು ಬಾಲಗಳ ಹತ್ತಿರ ಸುಳಿಯಲೇ ಇಲ್ಲ. ನೇರವಾಗಿ ತೀರಾ ಕೆಳಗಿನ ಅಂಚಿಗೆ ಹೋಯಿತು.

“ಬಾರಮ್ಮ, ನೀನೇ ನೋಡು. ಹಳೇದರಲ್ಲಿ ಇಲ್ಲಿ ಏನಿದೆ?”

“ಏನೂ ಇಲ್ಲ,” ಎಂದಳು ಅಕ್ಕ.

“ಹೊಸದರಲ್ಲಿ?”

“ಒಂದು ಕಪ್ಪು ಗೆರೆ.”

ಸಂಶೋಧಕಿ ಹೊಸ ಫಿಲ್ಮಿನ ಮೇಲೆ ಬಗ್ಗಿದಳು. ಇಷ್ಟು ಹೊತ್ತು ಬಾಲವನ್ನೇ ಹುಡುಕುತ್ತಾ ಇದನ್ನು ಹೇಗೆ ಬಿಟ್ಟೆ? “ಆರನೆಯದು!”

“ಹೂಂ. ಇವುಗಳಲ್ಲೆಲ್ಲ ಗಿಡ್ಡ. ಫಿಲ್ಮಿನಲ್ಲಿ ಗಿಡ್ಡದ್ದೇ ತೀರಾ ಕೆಳಗಿಳಿಯೋದು. ಅದರ ದಾರಿಯೇ ಬೇರೆ. ಒಳಗೇ ಹುಟ್ಟಿ ಒಳಗೇ ಸಿದ್ಧವಾಗತ್ತೆ, ಅಂಗಳಕ್ಕೆ ಕಾಲಿಡಲ್ಲ. ಹಾಗಿದ್ರೆ ಅಂಗಳದ ಪಾಲಿನ ಟ್ಯೂಬಿಗೆ ಹೇಗೆ ಬಂತು?”

ಅಜ್ಜಿ ಫಿಲ್ಮಿನಿಂದ ಬೆರಳು ತೆಗೆದು ಮುಖ್ಯಸ್ಥನ ಕಡೆ ತಿರುಗಿದರು.

“ಈ ತಾಯಿ ಸಿಟ್ಟಿಗೆ ಚೆಲ್ಲಿದ್ದರೆ ಟ್ಯೂಬು ಖಾಲಿ ಇರ್ತಿತ್ತು. ಇವಳೇ ತುಂಬಿದ್ದರೆ ತನ್ನ ಮಾತನ್ನೇ ಸುಳ್ಳು ಮಾಡ್ಕೊಂಡ ಹಾಗಾಯ್ತು. ತುಂಬಿದವರಿಗೆ ಆರ್‌ಎನ್‌ಎ ತೆಗೆಯೋಕೆ ಬರತ್ತೆ. ಒಳಗು ಹೊರಗು ಬೇರೆ ಮಾಡೋ ತಾಳ್ಮೆ ಇಲ್ಲ. ಆರೋಗ್ಯವಾದ ಕೋಶಾನ ಒಂದೇ ಏಟಿಗೆ ಕರಗಿಸಿ ತುಂಬಿದ್ರಿ. ಪುಸ್ತಕ ಉಳೀಲಿ ಅಂತ. ಅಲ್ವಾ ಸರ್?”

“ಮುದುಕಿಯ ಕಲ್ಪನೆ!” ಎಂದ ಮುಖ್ಯಸ್ಥ.

ಅಕ್ಕ ಎದುರಿಗೆ ಬಂದಳು. “ಅದರಲ್ಲಿದ್ದ ನನ್ನ ಮಗನದ್ದು ಎಲ್ಲಿ?”

ಅವನ ಕಣ್ಣು ತಾನಾಗಿ ಮೂಲೆಯ ಸಿಂಕಿನ ಕಡೆ ಹೊರಳಿತು. ಬೆವೆತ ಮುಖ ತೊಳೆಯಲೆಂದೋ ಏನೋ ಅತ್ತ ಹೆಜ್ಜೆಯಿಟ್ಟ. ಅಕ್ಕ ಓಡಿ ಹೋಗಿ ಅಡ್ಡ ನಿಂತಳು. ತಂಗಿಯೂ ಹೋಗಿ ಪಕ್ಕದಲ್ಲಿ ನಿಂತಳು.

“ಆ ನಲ್ಲಿ ಮುಟ್ಟಬೇಡ,” ಎಂದಳು ಅಕ್ಕ.