ಅವ್ವ ಮಾತು ಬಿಟ್ಟ ದಿನ

"ಹತ್ತಿಸು! ಧೈರ್ಯ ಇದ್ರೆ ನನ್ನ ಮೇಲೇ ಲಾರಿ ಹತ್ತಿಸ್ಕೊಂಡು ಹೋಗು!"

ಕೆಸರು ರಸ್ತೆಗೆ ಅಡ್ಡಲಾಗಿ, ತನ್ನ ಕೋಸಿನ ಮೂಟೆಗಳ ಮೇಲೆ ಉಲಿನಾ ಕೂತೇಬಿಟ್ಟಿದ್ದಳು.

ಲಾರಿಯವನು ಕಿಟಕಿಯಿಂದ ತಲೆ ಹೊರಹಾಕಿದ. "ಎದ್ದೇಳು ತಾಯಿ! ಜಾಗ ಇಲ್ಲ ಅಂದ್ನಲ್ಲ!"

"ನಾಳೆ ಬರ್ತೀನಿ ಅಂತೀಯ. ನಾಳೆ ಗುಡ್ಡ ಕುಸಿಯುತ್ತೆ. ನಾಡಿದ್ದು ಬೆಂಕಿಬೆಟ್ಟ ಬೂದಿ ಉಗುಳುತ್ತೆ. ಅಲ್ಲಿತನಕ ನನ್ನ ಕೋಸು ಕೊಳೀದೆ ಕಾಯ್ತಾ ಕೂತಿರುತ್ತಾ?... ಸಾಕಾಗಿದೆ ಕಣಪ್ಪ ನನಗೆ. ಏಳೋಕೂ ಶಕ್ತಿ ಇಲ್ಲ."

ಕೊನೆಯ ಮಾತಿನಲ್ಲಿ ಜಗಳ ಇರಲಿಲ್ಲ. ಬರೀ ದಣಿವಿತ್ತು. ಅವನಿಗೆ ಅದು ಹೇಗೋ ಗೊತ್ತಾಯಿತು. ಇಳಿದು ಬಂದವನೇ ಮೂಟೆಗಳನ್ನೆತ್ತಿ ತನ್ನ ಸೀಟಿನ ಪಕ್ಕಕ್ಕೆ, ಕಾಲ ಬುಡಕ್ಕೆ ತುರುಕತೊಡಗಿದ.

"ಅಯ್ಯೋ, ಹೀಗೆ ತುಂಬಿದ್ರೆ ಗೇರ್ ಹೇಗೆ ಹಾಕ್ತೀಯ?"

"ಕೋಸನ್ನೇ ಸ್ವಲ್ಪ ಸರ್ಕೊಳ್ಳಮ್ಮ ಅಂತ ಕೇಳ್ಕೋತೀನಿ."

ಉಲಿನಾ ನಕ್ಕುಬಿಟ್ಟಳು. ಆಮೇಲೆ ಮನೆಗೆ ಹತ್ತುತ್ತ, ಹಿಂದೆ ತಾನು ನಕ್ಕಿದ್ದು ಯಾವಾಗ ಎಂದು ಯೋಚಿಸಿದಳು. ನೆನಪಾಗಲಿಲ್ಲ.

ಅವನ ಹೆಸರು ಅರೋ. ಕಡಲಾಚೆಯ ನಿಯಾಸ್ ದ್ವೀಪದವನು. ಬೆಟ್ಟದ ತರಕಾರಿಯನ್ನು ಕೆಳಗಿನ ಮೇದಾನ್ ಪಟ್ಟಣದ ಪೇಟೆಗೆ ಸಾಗಿಸುತ್ತಿದ್ದ.

ಆ ಬೆಟ್ಟದ ಬದುಕು ಗೊತ್ತಲ್ಲ! ಕುಡಿಯುವ ನೀರು ಹೊತ್ತು ತರಬೇಕು, ಬೆಳೆದದ್ದನ್ನು ಹೊತ್ತು ಇಳಿಸಬೇಕು, ಜ್ವರ ಬಂದವರನ್ನೂ ಹೊತ್ತೇ ಇಳಿಸಬೇಕು. ಉಲಿನಾಳ ಅಪ್ಪನನ್ನು ಹಾಗೆ ಇಳಿಸುವಾಗ ಅರ್ಧ ದಾರಿಯಲ್ಲೇ ಉಸಿರು ನಿಂತಿತ್ತು. ಆಮೇಲೆ ಅವ್ವ ಮಗಳು ಇಬ್ಬರೇ. ಮೂವತ್ತು ದಾಟಿದ ಹುಡುಗಿ, ಆದರೆ ಬೆನ್ನು ಮಾತ್ರ ಮುದುಕಿಯದು.

ಅರೋ ಲಾರಿ ನಿಲ್ಲಿಸಿದಾಗಲೆಲ್ಲ ಅವಳ ನೀರಿನ ಡಬ್ಬ ಹೊತ್ತು ಮನೆವರೆಗೂ ಬರತೊಡಗಿದ. ಹೊಸ್ತಿಲಲ್ಲೇ ಅವ್ವನ ಪೂಜೆ ಶುರುವಾಗುತ್ತಿತ್ತು.

"ಏ ಉಪ್ಪುನೀರಿನವನೇ, ಮತ್ತೆ ವಕ್ಕರಿಸಿದೆಯಾ? ಕುಲ ಗೊತ್ತಿಲ್ಲ, ನೆಲೆ ಗೊತ್ತಿಲ್ಲ. ಮದುವೆ ಮನೇಲಿ ನಮ್ಮ ಬೆಟ್ಟದ ಕರೋ ಜನ ಕುಲ ನೋಡಿ ಚಾಪೆ ಹಾಸ್ತಾರೆ. ನಿನ್ನನ್ನ ಎಲ್ಲಿ ಕೂರಿಸಲಿ? ಕೋಳಿಗೂಡಿನ ಪಕ್ಕವಾ?"

"ಕೋಳಿ ಬೇಡ ಅನ್ನದಿದ್ರೆ ಕೂರ್ತೀನಿ ದೊಡ್ಡಮ್ಮ," ಎನ್ನುತ್ತಿದ್ದ ಅವನು, ಬೈಗುಳಕ್ಕೆ ಹಲ್ಲು ಕಿರಿಯುತ್ತ.

ಆದರೆ ನಗುವಿನಲ್ಲಿ ಎಷ್ಟು ದಿನ ತಳ್ಳುವುದು?

"ನನ್ನ ಜೊತೆ ಬಂದುಬಿಡು ಉಲಿನಾ," ಎಂದು ಒಂದು ದಿನ ಕೇಳಿದ.

"ಅವ್ವ ಒಪ್ಪದೆ ಬರಲ್ಲ. ನನಗೆ ನೀನೂ ಬೇಕು, ಅವಳೂ ಬೇಕು. ಒಬ್ಬರನ್ನ ಬಿಡು ಅಂದ್ರೆ... ನನ್ನ ಕೈಲಾಗಲ್ಲ ಅರೋ."

ಆ ನಡುವೆಯೇ ಅವ್ವ, ಮಂಡಿನೋವಿನಲ್ಲೂ, ಗುಡ್ಡದಾಚೆಯ ಊರಿಗೆ ಕೋಲೂರಿಕೊಂಡು ಹೋಗಿಬರತೊಡಗಿದಳು. ಅಲ್ಲಿ ಇದ್ದದ್ದು ಉಲಿನಾಳ ಸೋದರತ್ತೆ. ಆ ಸೋದರತ್ತೆಗೆ ಮದುವೆಯಾಗದ ಮಗನಿದ್ದ!

ಉಲಿನಾ ಲೆಕ್ಕ ಹಾಕಿದಳು. 'ನನ್ನನ್ನ ಅವನಿಗೇ ಕಟ್ಟೋಕೆ ನೋಡ್ತಿದ್ದಾಳೆ... ಇನ್ನೇನಿರುತ್ತೆ?' ಬಾಯಿಬಿಟ್ಟು ಕೇಳಲಿಲ್ಲ. ಉತ್ತರ ಹೊರುವ ತ್ರಾಣ ಉಳಿದಿರಲಿಲ್ಲ.

ಅರೋಗೆ ಹೇಳಿದಾಗ ಅವನ ಮುಖ ಬಾಡಿತು. "ನಾಳೆ ದೊಡ್ಡಮ್ಮನ್ನ ಕೊನೇ ಸಲ ಕೇಳ್ತೀನಿ. ಆಗಲ್ಲ ಅಂದ್ರೆ ಕರಾವಳೀಲಿ ಬೇರೆ ಕೆಲಸ ಹಿಡೀತೀನಿ. ಈ ಬೆಟ್ಟ ಮತ್ತೆ ಹತ್ತಲ್ಲ."

ಮರುದಿನ ಕ್ಯಾರೆಟ್ ಹೊಲದಲ್ಲಿ ಕಳೆ ಕೀಳುತ್ತಿದ್ದ ಉಲಿನಾ ತಲೆಯೆತ್ತಿದರೆ, ಕೆಳಗಿನ ತಿರುವಿನಲ್ಲಿ ಅವನ ಲಾರಿ ಇಳಿಯುತ್ತಿತ್ತು. ಹಾರ್ನ್ ಇಲ್ಲ, ಕೂಗಿಲ್ಲ. ಕುಡುಗೋಲು ಅಲ್ಲೇ ಬಿಸಾಕಿ ಮನೆಗೆ ಓಡಿದಳು.

ಒಲೆಯ ಮುಂದೆ ಅವ್ವ ಎಲೆಯಡಿಕೆ ಮೆಲ್ಲುತ್ತ ಕೂತಿದ್ದಳು.

"ಏನಂದೆ ಅವ್ವ ಅವನಿಗೆ?"

"ನಾನಾ? ಅವರ ಜೊತೆ ಒಂದು ಮಾತೂ ಆಡಲಿಲ್ಲ ಕಣೆ!"

"ಒಂದು ಮಾತೂ..." ಉಲಿನಾ ಬಾಗಿಲಿಗೇ ತಿರುಗಿದಳು. "ಬೈದಾದ್ರೂ ಕಳಿಸಬಾರದಿತ್ತಾ?"

ಅವ್ವ ಏನೋ ಕೂಗಿ ಹೇಳುತ್ತಿದ್ದಳು. ನಿಂತು ಕೇಳುವ ತಾಳ್ಮೆ ಯಾರಿಗಿತ್ತು? ಉಲಿನಾ ಕಾಲುದಾರಿ ಹಿಡಿದು, ಜಾರುತ್ತ, ಬೀಳುತ್ತ, ರಸ್ತೆಗೆ ಇಳಿದಳು.

ದೇವರು ದೊಡ್ಡವನು! ಮಣ್ಣು ಕುಸಿದ ಕಡೆ ಲಾರಿಯ ಚಕ್ರ ಹೂತಿತ್ತು. ಅರೋ ಬಗ್ಗಿ ಕಲ್ಲು ತುರುಕುತ್ತಿದ್ದ.

"ಹೇಳದೆ ಹೋಗ್ತೀಯಾ?"

ಅವನು ಅವಳತ್ತ ನೋಡಲಿಲ್ಲ. "ಹೇಳೋಕೇನಿದೆ? ನಿಮ್ಮವ್ವ ದಿನಾ ಬೈತಿದ್ರಲ್ಲ, ಅದು ನನಗೆ ಎಷ್ಟೋ ಹಿತವಾಗಿತ್ತು ಕಣೆ. ನನ್ನ ತಾಯಿ ಬೈದ ಹಾಗೇ ಇತ್ತು. ಇವತ್ತು ನನ್ನ ಕಂಡ ಕೂಡಲೇ ಮುಖ ತಿರುಗಿಸಿದ್ರು. ನಾನು ಚಾಪೆ ಮೇಲೆ ಕೂತೆ, ಅವರು ಎದ್ದುಬಿಟ್ರು! ನಾನು ಮಾತಾಡ್ತಾನೇ ಇದ್ದೀನಿ, ಅವರು ಒಲೆ ಕಡೆ ತಿರುಗಿ..."

"ಒಲೆ ಕಡೆ?"

"ಹೂಂ. ಒಲೆ ಜೊತೆ ಮಾತು! 'ಒಲೆಯೇ, ಬಂದವರಿಗೆ ಹೇಳು, ಅನ್ನ ಆರಿಹೋಗ್ತಿದೆ ಅಂತ.' ನಾನೇನು ಮನುಷ್ಯ ಅಲ್ವಾ ಉಲಿನಾ? ಒಲೆ ಕೈಲಿ ಹೇಳಿಸೋ ಅಷ್ಟು ಅಸಹ್ಯ ಆಗಿಹೋದ್ನಾ?"

ಉಲಿನಾ ಕೆಸರು ಅಂತಲೂ ನೋಡದೆ ಅಲ್ಲೇ ಕುಸಿದು ಕೂತಳು.

"ಇನ್ನೇನಂದಳು? ಒಲೆಗೆ ಇನ್ನೇನು ಹೇಳಿದಳು?"

"ಅರ್ಥವಾಗದ್ದು ಏನೋ. 'ಒಲೆಯೇ, ಗುಡ್ಡದಾಚೆ ನಮ್ಮ ನಾದಿನಿಗೆ ಇನ್ನೊಬ್ಬ ಮಗ ಸಿಕ್ಕಿದ್ದಾನಂತೆ. ಇನ್ನು ಅವರ ಮನೆ ಚಾಪೇಲಿ ಒಂದು ಜಾಗ ಜಾಸ್ತಿ ಬಿಡ್ತಾರಂತೆ.' ಅಷ್ಟು ಹೊತ್ತಿಗೆ ನಾನು ಎದ್ದು ಬಂದೆ."

ಉಲಿನಾ ನಕ್ಕಳು. ನಗುತ್ತಲೇ ಬಿಕ್ಕಿ ಬಿಕ್ಕಿ ಅತ್ತಳು. ಅರೋ ಗಾಬರಿಯಾಗಿ ಓಡಿಬಂದ.

"ಅಯ್ಯೋ ಪೆದ್ದೇ! ನಮ್ಮಲ್ಲಿ ಅತ್ತೆ ಅಳಿಯನ ಜೊತೆ ನೇರ ಮಾತಾಡೋ ಹಾಗಿಲ್ಲ ಕಣೋ! ಒಂದೇ ಚಾಪೇಲಿ ಕೂರೋ ಹಾಗಿಲ್ಲ. ಅದು ಮರ್ಯಾದೆ! ಏನಾದ್ರೂ ಹೇಳಬೇಕಂದ್ರೆ ಒಲೆಗೋ ಗೋಡೆಗೋ ಹೇಳ್ತಾರೆ. ಬಾಯಿಗೆ ಬಂದ ಹಾಗೆ ಬೈತಿದ್ದಳಲ್ಲ, ಆವಾಗ ನೀನು ಹೊರಗಿನವನು."

"ಅಂದ್ರೆ... ಇವತ್ತು?"

"ಇವತ್ತು ನೀನು ಅಳಿಯ."

ಅರೋನ ಕೈಯಲ್ಲಿದ್ದ ಕಲ್ಲು ಕೆಳಗೆ ಬಿತ್ತು.

"ಮತ್ತೆ ಆ ಇನ್ನೊಬ್ಬ ಮಗ?"

"ನೀನೇ! ಸೋದರತ್ತೆ ನಿನ್ನನ್ನ ಮಗ ಅಂತ ಒಪ್ಕೊಂಡಿದ್ದಾಳೆ. ನಿನಗೂ ಕುಲ ಆಯ್ತು, ಕೂರೋಕೆ ಜಾಗ ಆಯ್ತು. ಅದಕ್ಕೇ ಆ ಮಂಡಿ ಇಟ್ಕೊಂಡು ಅಷ್ಟು ಸಲ ಗುಡ್ಡ ದಾಟಿದ್ದಾಳೆ ನಮ್ಮವ್ವ... ನಾನು ಪಾಪಿ, ಏನೇನೋ ಅಂದ್ಕೊಂಡೆ!"

ಅವನು ಅವಳ ಪಕ್ಕದಲ್ಲೇ ಕೆಸರಿನಲ್ಲಿ ಕೂತ. ಅವಳು ಅವನ ಹೆಗಲಿಗೆ ತಲೆಯಿಟ್ಟಳು. ಎಷ್ಟೋ ವರ್ಷಗಳ ದಣಿವನ್ನು ಒಂದು ಕಡೆ ಇಳಿಸಿದಂತಾಯಿತು.

"ಏಳು, ಲಾರಿ ತಿರುಗಿಸೋಣ. ಅವ್ವ ಉಣ್ಣದೆ ಕಾಯ್ತಿರ್ತಾಳೆ."

ಅರೋ ಏಳಲಿಲ್ಲ.

"ಉಲಿನಾ... ಹಾಗಾದ್ರೆ ಅವರು ಇನ್ನು ಯಾವತ್ತೂ ನನ್ನ ಬೈಯಲ್ವಾ?"

"ಇಲ್ಲ."

"ಛೇ! ಬೇಜಾರಾಗುತ್ತೆ ಕಣೆ."

ಉಲಿನಾ ಕಣ್ಣೊರೆಸಿಕೊಂಡು, ಅವನ ಕೆಸರುಗೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ಯೋಚನೆ ಮಾಡಬೇಡ. ಅವಳ ಪಾಲಿನದನ್ನೂ ಸೇರಿಸಿ ನಾನೇ ಬೈತೀನಿ... ಜೀವ ಇರೋವರೆಗೂ."