ನಾರುವ ಮಣ್ಣು

ಒಂದೂರಿನಲ್ಲಿ ಒಂದು ಮುದಿ ಕಣಜ ಇತ್ತು. ರಾಜರ ಕಾಲದ ಕತೆಯಲ್ಲ ಇದು. ರಾಜ, ಮಂತ್ರಿ, ಕಳ್ಳ ಎಲ್ಲರೂ ಮಾಸ್ಕ್ ಹಾಕಿಕೊಂಡೇ ಓಡಾಡಬೇಕಾಗಿದ್ದ ಕಾಲದ್ದು. ಊರು ಜಪಾನಿನ ಒಕಾಜಾಕಿ.

ಆ ಮಣ್ಣಿನ ಕಣಜದ ಒಂದು ಗೋಡೆಯನ್ನು ಹಿಂದಿನ ವರ್ಷದ ಟೈಫೂನ್ ಕೆಡವಿತ್ತು. ಮುಂದಿನ ಟೈಫೂನಿಗೆ ಮೊದಲು ಗೋಡೆ ಎದ್ದರೆ ಕಣಜ ಉಳಿಯಿತು, ಇಲ್ಲದಿದ್ದರೆ ಬುಲ್‌ಡೋಜರ್. ಅದಕ್ಕೇ ಬೀದಿಯವರೆಲ್ಲ ಸೇರಿ ಮಣ್ಣಿಗೆ ಬತ್ತದ ಹುಲ್ಲು ಬೆರೆಸಿ, ತುಳಿದು, ಗುಂಡಿಯಲ್ಲಿ ಕೊಳೆಯಲು ಬಿಟ್ಟಿದ್ದರು.

"ದಿನಾ ನೀರು ಹಾಕೋದು ನನ್ನ ಕೆಲಸ. ಗೋಡೆ ಏಳೋವರೆಗೂ ನೋಡ್ಕೋತೀನಿ. ಪ್ರಾಮಿಸ್!" ಎಂದಿದ್ದಳು ಅದೇ ಬೀದಿಯ ಕನ್ನಡದ ಹುಡುಗಿ, ಐದನೇ ಕ್ಲಾಸಿನ ಸಿಂಧೂರಾ.

ಈಗ ಅದೇ ಗುಂಡಿಯ ಮುಂದೆ ನಿಂತಿದ್ದಾಳೆ. ಕೈಯಲ್ಲಿ ಖಾಲಿ ಬ್ಲೀಚ್ ಬಾಟಲಿ.

"ಏನೇ ಮಾಡಿದೆ?" ಅಮ್ಮ ಓಡಿ ಬಂದಳು.

"ಸ್ಯಾನಿಟೈಸ್ ಮಾಡ್ದೆ. ಯಪ್ಪಾ, ಏನ್ ಸ್ಮೆಲ್ಲು! ಫುಲ್ ಜರ್ಮ್ಸ್. ಕೊಂಬಿನಿ ಅಂಗಡಿಯಿಂದ ತಂದ ಬಾಳೆಹಣ್ಣನ್ನೂ ಸೋಪು ಹಾಕಿ ತೊಳೆಯೋದು ನೀನೇ ಅಲ್ವಾ?"

ಅಮ್ಮನಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. "ಹೆಪ್ಪು ಹಾಕಿದ ಹಾಲಿಗೆ ಫಿನಾಯಿಲ್ ಸುರಿದ ಹಾಗಾಯ್ತಲ್ಲೇ! ಆ ಜರ್ಮ್ಸೇ ಹುಲ್ಲು ಕೊಳೆಸಿ ಮಣ್ಣಿಗೆ ಅಂಟು ತರೋದು. ಇಶಿದಾ-ಸಾನ್ ಹೇಳಿರ್ಲಿಲ್ವಾ?"

ಗೋಡೆಯ ಕೆಲಸ ನೋಡಿಕೊಳ್ಳುತ್ತಿದ್ದ ಅಜ್ಜಿ ಇಶಿದಾ-ಸಾನ್ ಹೇಳಿದ್ದರು. ಆಗ ಸಿಂಧೂರಾ ಮೋಡದಲ್ಲಿ ಆನೆ ಹುಡುಕುತ್ತಿದ್ದಳು.

ಅವಳು ಅಜ್ಜಿಯ ಗೇಟಿನಾಚೆ ನಿಂತು ತಲೆ ಬಗ್ಗಿಸಿದಳು. "ಸುಮಿಮಾಸೆನ್, ತಪ್ಪಾಯ್ತು..." ಎಂದು ಶುರುಮಾಡಿ ಎಲ್ಲ ಹೇಳಿಬಿಟ್ಟಳು.

ಅಜ್ಜಿ ಗುದ್ದಲಿ ಹಿಡಿದು ಬಂದರು. ಮಾಸ್ಕ್ ಇಳಿಸಿ ಮೂಸಿದರು. "ಹ್ಞೂಂ. ಆಸ್ಪತ್ರೆ ವಾಸನೆ." ಆಳಕ್ಕೆ ಅಗೆದು ಮತ್ತೆ ಮೂಸಿದರು. "ಓಹೋ! ತಳದಲ್ಲಿ ಇನ್ನೂ ಚೆನ್ನಾಗಿ ನಾರ್ತಿದೆ. ಮೇಲಿಂದು ತೆಗೆದುಹಾಕಿ, ಇದಕ್ಕೇ ಹೊಸ ಮಣ್ಣು, ಹುಲ್ಲು ಸೇರಿಸೋಣ. ಅದು ಕೊಳೆಯೋವರೆಗೆ ಟೈಫೂನ್ ಬರದಿದ್ರೆ ಸಾಕು."

"ಹೆಪ್ಪು!" ಎಂದಳು ಸಿಂಧೂರಾ, ಕನ್ನಡದಲ್ಲೇ.

ಬೀದಿಯವರೆಲ್ಲ ಮತ್ತೆ ಪ್ಯಾಂಟು ಮಡಚಿ, ದೂರ ದೂರ ನಿಂತು ತುಳಿದರು. "ಬ್ಲೀಚ್ ಮಹಾರಾಣಿಯವರೇ, ಕಾಲು ಬೇಗ ಎತ್ತಿ!" ಎಂದು ತಮ್ಮ ಸಚಿನ್ ಕಿಚಾಯಿಸಿದ. ಬೇರೆ ದಿನವಾಗಿದ್ದರೆ ಅವನ ಬೆನ್ನಿಗೆ ಒಂದು ಬೀಳುತ್ತಿತ್ತು. ಇವತ್ತು ಅವಳು ಕಾಲು ಬೇಗ ಬೇಗ ಎತ್ತಿ ತುಳಿದಳು.

ಆಮೇಲೆ ದಿನಾ ನೀರು ಹಾಕಿ, ಬಗ್ಗಿ ಮೂಸುವುದೇ ಕೆಲಸ. ಬರೀ ಮಣ್ಣಿನ ವಾಸನೆ. ಮರುದಿನವೂ ಅಷ್ಟೇ. ಒಂದು ಸೆಕೆಯ ಬೆಳಿಗ್ಗೆ ಮೂಗು ತಾನಾಗಿಯೇ ಸೊಟ್ಟಗಾಯಿತು.

"ಅಮ್ಮಾ! ನಾರ್ತಿದೆ! ಸಖತ್ ನಾರ್ತಿದೆ!"

ಟಿವಿಯಲ್ಲಿ ಸಮುದ್ರದ ಮೇಲೆ ಟೈಫೂನ್ ಸುರುಳಿ ಸುತ್ತುತ್ತಿತ್ತು. ಇತ್ತ ಬಿದಿರಿನ ತಟ್ಟಿಗೆ ಒಬ್ಬರು ಹೊರಗಿನಿಂದ ಮಣ್ಣು ಒತ್ತುವುದು, ತಟ್ಟಿಯ ಸಂದಿಯಿಂದ ಒಳಗೆ ಇಣುಕಿದ ಮಣ್ಣನ್ನು ಇನ್ನೊಬ್ಬರು ಅಲ್ಲೇ ಸವರಿ ಕೂರಿಸುವುದು. ಗೋಡೆ ಮೇಲಕ್ಕೆ ಏರಿತು. ಕೊನೆಗೆ ಒಂದು ತೂತು ಉಳಿಯಿತು.

"ಅದು ನಿಂದು," ಎಂದರು ಒಳಗಿನಿಂದ ಇಶಿದಾ-ಸಾನ್.

ಸಿಂಧೂರಾ ಎರಡೂ ಕೈತುಂಬ ಮಣ್ಣು ತೆಗೆದುಕೊಂಡು ಒತ್ತಿದಳು. ಒದ್ದೆ ಮಣ್ಣಿನಾಚೆ ಒಂದು ಅಂಗೈ ಅವಳ ಅಂಗೈಗೆ ಎದುರಾಗಿ ಒತ್ತಿತು. ಮನೆಯವರಲ್ಲದ ಯಾರ ಕೈಯನ್ನಾದರೂ ಮುಟ್ಟಿ ಎಷ್ಟು ಕಾಲವಾಗಿತ್ತು!

"ಆಯ್ತಾ?"

ಅವಳು ಕೂಡಲೇ ಕೈ ತೆಗೆಯಲಿಲ್ಲ. ಇನ್ನೊಂದು ಗಳಿಗೆ ಹಾಗೇ ಇಟ್ಟುಕೊಂಡು, ಆಮೇಲೆ ಹೇಳಿದಳು:

"ಆಯ್ತು."

ತೂತು ಮುಚ್ಚಿತ್ತು. ಗೋಡೆ ಎದ್ದಿತ್ತು.