ಪಂಪ್‌ಹೌಸಿನ ಬಿಳಿ ಪುಡಿ

ಪಂಪ್‌ಹೌಸಿನ ಬಾಗಿಲು ಅರ್ಧ ತೆರೆದಿತ್ತು. ಬೆಳಿಗ್ಗೆ ಮೋಟಾರು ಚಾಲೂ ಮಾಡಲು ಬಂದ ಹೊಲದ ಆಳು ಸಂಭಾಜಿಗೆ ಮೊದಲು ಕಂಡದ್ದು ಎರಡು ಕಾಲು.

"ಸಂದೇಶಣ್ಣಾ!"

ಬಾಯಿಂದ ವಾಂತಿ ಇಳಿದಿತ್ತು. ಬೆರಳುಗಳು ಬಿಡದೆ ಅದುರುತ್ತಿದ್ದವು. ಉಸಿರಿತ್ತು. ಪಕ್ಕದಲ್ಲಿ ಉರುಳಿದ ಸ್ಟೀಲ್ ಲೋಟ, ಬಿಚ್ಚಿದ ಕಾಗದದ ಪೊಟ್ಟಣ. ನೆಲದ ತುಂಬ ಚೆಲ್ಲಿದ ಬಿಳಿ ಪುಡಿ.

ಜುಗೂಳದಿಂದ ಮಿರಜಿಗೆ ಆಂಬುಲೆನ್ಸ್ ಓಡಿತು. ಮಧ್ಯಾಹ್ನದ ಹೊತ್ತಿಗೆ ಸಂದೇಶ ತೀರಿಕೊಂಡ. ಮೂವತ್ತೆರಡರ ಹುಡುಗ. ಸಂಜೆ ಅವನ ಅಣ್ಣ ಧರಣೇಂದ್ರ ಕಾಗವಾಡ ಠಾಣೆಗೆ ಬಂದು, ಪಿಎಸ್ಐ ನೀಲಮ ಕಾಂಬಳೆಯ ಎದುರು ಕುರ್ಚಿಯಲ್ಲಿ ಕುಸಿದ.

"ನನ್ನ ತಮ್ಮಗ ವಿಷಾ ಹಾಕ್ಯಾರ್ರಿ ಮ್ಯಾಡಮ್."

"ಯಾರು?"

"ಅವನ ಹೇಂತಿ. ಮನಿಷಾ."

"ಯಾಕ ಹಂಗ ಅನ್ತೀರಿ?"

"ಒಂಬತ್ತ ದಿನದಿಂದ ಅವಗ ಬ್ಯಾರೆ ಬೋಗಾಣ್ಯಾಗ ಅಡಗಿ ಮಾಡಾಕತ್ತಿದ್ಲು. ಆ ಬೋಗಾಣಿ ಯಾರೂ ಮುಟ್ಟೂಹಂಗಿಲ್ಲ. ನೀವ ಹೇಳ್ರಿ, ಒಂದ ಮನ್ಯಾಗ ಒಬ್ಬಗ ಬ್ಯಾರೆ ಅಡಗಿ ಯಾಕ?"

"ಸಂದೇಶ ಏನರ ಔಷಧ ತಗೋತಿದ್ರೇನು?"

"ಥೈರಾಯ್ಡ್ ಗುಳಿಗಿ. ಅಕೀನ ಕೊಡತಿದ್ಲು. ಅದರಾಗ ನನಗೇನ ತಿಳಿತೈತ್ರಿ?"

ನೀಲಮ ಬರೆದುಕೊಂಡಳು. ಮಾತಾಡುವಾಗ ಅವನು ಒಮ್ಮೆಯೂ ತಲೆ ಎತ್ತಲಿಲ್ಲ. ದುಃಖ, ಅಂದುಕೊಂಡಳು.

* * *

ಮರುದಿನ ಸಂದೇಶನ ಮನೆ. ಪಡಸಾಲೆಯಲ್ಲಿ ತಾಯಿ ಜಿನಮತಿ ಗೋಡೆಗೆ ಒರಗಿ ಕೂತಿದ್ದಳು. ಕಣ್ಣು ಒಣಗಿತ್ತು. ಅಡುಗೆಮನೆಯಲ್ಲಿ ಮನಿಷಾ. ಅವಳ ಸೆರಗು ಹಿಡಿದು ನಾಲ್ಕು ವರ್ಷದ ಮಗಳು.

ಕಾನ್‌ಸ್ಟೇಬಲ್ ರಾವಸಾಹೇಬ ಅಲ್ಲಿದ್ದ ಒಂದು ಲೋಟ ಎತ್ತಿ ತೋರಿಸಿದ. "ಪಂಪ್‌ಹೌಸಿನ್ಯಾಗ ಸಿಕ್ಕ ಲೋಟದ ಮ್ಯಾಲೂ ಇದ ಹೆಸರು ಕೊರದೈತ್ರಿ. ಇದ ಮನೀದು."

ಕಪಾಟಿನ ಮೂಲೆಯಲ್ಲಿ ಸಣ್ಣ ಬೋಗಾಣಿ ಬೋರಲು ಹಾಕಿತ್ತು. ನೀಲಮ ಅದನ್ನು ತೋರಿಸಿದಳು.

"ಇದರಾಗ ಅವರಿಗೆ ಬ್ಯಾರೆ ಅಡಗಿ ಮಾಡತಿದ್ದೇನವಾ?"

"ಹೌದ್ರಿ. ಅವರು ಉಪ್ಪು ಬಿಟ್ಟಿದ್ರು. ನಮ್ಮ ಜೈನರ ದಶಲಕ್ಷಣ ಪರ್ವದಾಗ ಹತ್ತ ದಿನದ ವ್ರತಾ ಹಿಡದಿದ್ರು. ಒಪ್ಪತ್ತು ಊಟ. ನೀರೂ ಅದ ಹೊತ್ತಿಗೆ. ಉಳದವರ ಅಡಗಿ ಸೌಟು ಇದಕ್ಕ ತಾಗಬಾರದು ಅಂತ ಬ್ಯಾರೆ ಇಟ್ಟಿದ್ದೆ."

"ಥೈರಾಯ್ಡ್ ಇದ್ದವರು ವ್ರತಾ?"

ಮನಿಷಾ ಪಡಸಾಲೆಯ ಕಡೆ ನೋಡಿದಳು. ದನಿ ತಗ್ಗಿಸಿದಳು.

"ಥೈರಾಯ್ಡ್ ಅಲ್ರಿ. ಅದು ಊರಿಗೆ ಹೇಳಿದ್ದು. ಲೀಥಿಯಂ ಅಂತ, ಮನಸಿನ ಗುಳಿಗಿ. ನಾದಿನಿ ಲಗ್ನದ ಮಾತು ನಡದೈತಿ. ಮಂದಿಗೆ ಗೊತ್ತಾಗಬಾರದು ಅಂತ ಭಾವಾರು ಅಂದ್ರು."

ಎರಡು ವರ್ಷದ ಕಥೆ ಹೊರಬಂತು. ಒಂದು ಸಲ ಸಂದೇಶ ಸರಿರಾತ್ರಿ ಎದ್ದು ಪಂಪ್‌ಹೌಸಿಗೆಲ್ಲ ಹಳದಿ ಬಣ್ಣ ಬಳಿದಿದ್ದ. ಇನ್ನೊಂದು ಸಲ ತಿಂಗಳುಗಟ್ಟಲೆ ಹಾಸಿಗೆ ಬಿಟ್ಟು ಏಳಲಿಲ್ಲ. ಮಿರಜಿನ ಡಾಕ್ಟರು ಗುಳಿಗೆ ಶುರು ಮಾಡಿದರು. ಕಡಿಮೆ ಕೊಟ್ಟರೆ ಕುಣಿದಾಟ. ಹೆಚ್ಚು ಕೊಟ್ಟರೆ ಕೈನಡುಕ, ಮಂಕು. ರಕ್ತ ತೆಗೆಯುವುದು, ಡೋಸು ಬದಲಿಸುವುದು, ಮತ್ತೆ ರಕ್ತ.

"ಕಡೀಕ ಈ ಮಳಿಗಾಲದಾಗ ಸರಿ ಡೋಸು ಸಿಕ್ತರಿ."

"ಸರಿ ಅಂತ ಹೆಂಗ ತಿಳೀತು?"

ಮನಿಷಾಳ ತುಟಿ ಸ್ವಲ್ಪ ಅರಳಿತು. "ಒಂದಿನ ಮುಂಜಾನೆ, 'ಏನಬೇ, ಚಹಾಕ್ಕ ಸಕ್ಕರಿ ಹಾಕಾಕ ಅಪ್ಪನ ಮನಿಗೆ ಹೋಗಿ ಕೇಳಿ ಬರತೀಯೇನ?' ಅಂತ ಜಗಳಾ ತಗದ್ರು. ಸಣ್ಣ ಜಗಳಾ. ಎಲ್ಲಾರ ಮನ್ಯಾಗ ಆಗತೈತಲ್ರಿ, ಅಂಥಾದ್ದು. ನಾನು ಒಳಗ ಬಂದು ಖುಷಿಗೆ ಅತ್ತೆ."

ಆಮೇಲೆ ಮುಖ ಮುಚ್ಚಿಕೊಂಡಳು.

"ಆರಾಮ ಆತಲ್ಲ ಅಂತ ದೇವರಿಗೆ ಉಪಕಾರ ತೀರಸಾಕ ವ್ರತಾ ಹಿಡದ್ರು. ನಾಕ ದಿನದಿಂದ ಮತ್ತ ಕೈ ನಡುಗಾಕತ್ತಿದ್ವು. ವಾಂತಿ. ಮಿರಜಿಗೆ ಹೋಗೂನು ಅಂದೆ. ಉಪಾಸದ ನಿಶ್ಶಕ್ತಿ, ಚತುರ್ದಶಿಗೆ ವ್ರತಾ ಮುಗೀಲಿ ಅಂತ ಭಾವಾರು ಅಂದ್ರು."

"ಆ ರಾತ್ರಿ ಮನೀಗೆ ಬರದಿದ್ರ ಹುಡುಕಲಿಲ್ಲ?"

"ವ್ರತದವರೆಲ್ಲಾ ಬಸದ್ಯಾಗ ಮಲಗತಿದ್ರು. ಅಲ್ಲೇ ಅದಾರ ಅನ್ಕೊಂಡೆ."

ಹೊರಗೆ ಬಂದಾಗ ರಾವಸಾಹೇಬ ಪಿಸುಗುಟ್ಟಿದ. "ಮ್ಯಾಡಮ್, ಬೋಗಾಣಿ ಅಕೀದು, ಗುಳಿಗಿ ಅಕೀ ಕೈಯಾಗ. ಇನ್ನೇನ ಬೇಕು?"

ಹೊಲದ ಬದುವಿನ ಮೇಲೆ ಸಂಭಾಜಿ ಕಾಯುತ್ತ ನಿಂತಿದ್ದ. ಟೊಪ್ಪಿಗೆ ಕೈಯಲ್ಲಿತ್ತು.

"ಹಿಂದಿನ ದಿನಾ ಹೊತ್ತ ಮುಳಗೂಮುಂದ ಅವರು ಪಂಪ್‌ಹೌಸಿಗೆ ತೂರಾಡಕೋತ ಹೊಂಟಿದ್ರಿ. ನಾವ ಮಂದಿ ನಕ್ಕೀವಿ. ಜೈನರ ಮನಿ ಹುಡುಗ ಕುಡದಾನ ನೋಡ್ರೋ ಅಂದ್ವಿ." ಅವನು ಟೊಪ್ಪಿಗೆ ಮಡಿಚಿದ. "ಒಬ್ಬರರ ಹೋಗಿ ಹಿಡೀಬೇಕಿತ್ತರಿ."

* * *

ಮಿರಜಿನಿಂದ ವರದಿ ಬಂತು. ರಕ್ತದಲ್ಲಿ ಲೀಥಿಯಂ, ಇರಬೇಕಾದ್ದರ ಮೂರು ಪಟ್ಟು.

"ಮುಗೀತು," ಅಂದ ರಾವಸಾಹೇಬ. "ಗುಳಿಗಿ ಪುಡಿ ಮಾಡಿ ಊಟದಾಗ ಹಾಕ್ಯಾಳ."

ಅಥಣಿಯಿಂದ ಸಾಹೇಬರ ಫೋನೂ ಬಂತು. ಇನ್ನೂ ಯಾಕೆ ಅರೆಸ್ಟ್ ಮಾಡಿಲ್ಲ? ಮನಿಷಾ ಒಳಗೆ ಹೋದರೆ ಮಗು ಧರಣೇಂದ್ರನ ಪಾಲಿಗೆ. ಸೆರಗು ಹಿಡಿದ ಆ ಪುಟ್ಟ ಕೈ ನೀಲಮಳ ಕಣ್ಣಿಂದ ಹೋಗಲಿಲ್ಲ. ಮನೆಯಲ್ಲಿ ಸಿಕ್ಕ ಗುಳಿಗೆ ಎಣಿಸಿದಾಗ ಲೆಕ್ಕವೂ ತಾಳೆಯಾಗಿತ್ತು. ಒಂದೂ ಹೆಚ್ಚು ಖರ್ಚಾಗಿರಲಿಲ್ಲ.

"ಎರಡ ದಿನಾ ಕೊಡ್ರಿ ಸರ್," ಅಂದಳು.

ಅದೇ ಮಧ್ಯಾಹ್ನ ಬೆಳಗಾವಿಯ ಪ್ರಯೋಗಾಲಯದಿಂದ ಕರೆ. ಬೋಗಾಣಿಯಲ್ಲಿ ವಿಷ ಇಲ್ಲ, ಗುಳಿಗೆಯ ಪುಡಿಯೂ ಇಲ್ಲ. ಪಂಪ್‌ಹೌಸಿನ ಬಿಳಿ ಪುಡಿಯಲ್ಲೂ ವಿಷ ಇಲ್ಲ.

"ಮತ್ತ ಆ ಪುಡಿ ಏನು?"

"ಉಪ್ಪು ಮ್ಯಾಡಮ್. ಅಡಿಗೆ ಉಪ್ಪು."

ನೀಲಮ ಫೋನ್ ಕೆಳಗಿಟ್ಟಳು. ಉಪ್ಪು ಬಿಟ್ಟವನ ಹತ್ತಿರ ಉಪ್ಪು ತಂದವರು ಯಾರು? ಯಾಕೆ?

ಜೀಪು ಮಿರಜಿನ ದಾರಿ ಹಿಡಿಯಿತು.

* * *

ಸಂದೇಶನಿಗೆ ಗುಳಿಗೆ ಕೊಡುತ್ತಿದ್ದ ಡಾಕ್ಟರ್ ಸುಹಾಸ ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು.

"ಎಷ್ಟು ಗುಳಿಗಿ ಒಳಗ ಹೋತು ಅಂತ ಹುಡಕಾಕತ್ತೀರಿ ಮ್ಯಾಡಮ್. ಎಷ್ಟು ಹೊರಗ ಬರಲಿಲ್ಲ ಅಂತ ಕೇಳ್ರಿ. ಅವ ಉಪ್ಪು ಬಿಟ್ಟಿದ್ನೇನು?"

"ಹೌದು. ಒಂಬತ್ತು ದಿನ. ನೀರೂ ಒಪ್ಪತ್ತು."

"ಅರೇ ದೇವಾ." ಅವರು ಕನ್ನಡಕ ಮೇಜಿನ ಮೇಲಿಟ್ಟರು. "ಲೀಥಿಯಂ ಅಂದ್ರೂ ಒಂದ ನಮೂನಿ ಉಪ್ಪ ನೋಡ್ರಿ. ಊಟದಾಗ ಉಪ್ಪು ಕಮ್ಮಿ ಆತಂದ್ರ ಮೂತ್ರಪಿಂಡ ಇದನ್ನ ಹೊರಗ ಬಿಡೂದಿಲ್ಲ, ಹಿಡಿದಿಟ್ಟಕೋತೈತಿ. ನೀರು ಕಮ್ಮಿ ಆದ್ರೂ ಹಂಗ. ಅದ ಗುಳಿಗಿ, ಅದ ಡೋಸು. ಆದ್ರ ರಕ್ತದಾಗ ಏರಕೋತ ಹೋಗತೈತಿ."

"ಇದನ್ನ ಯಾರಿಗೆ ಹೇಳಿದ್ರಿ?"

"ಮೊದಲ ಸಲ ಬಂದಾಗ ಸಂದೇಶಗ ಕೇಳೂ ಸ್ಥಿತಿ ಇರಲಿಲ್ಲ. ಅಣ್ಣ ಬಾಜೂಕ ಕುಂತಿದ್ರು. ನಿಮ್ಮಲ್ಲಿ ಉಪ್ಪು ಬಿಡೂ ಪದ್ಧತಿ ಐತಿ, ಇವ ಬಿಡೂಹಂಗಿಲ್ಲ ಅಂತ ಅವರಿಗೆ ಹೇಳಿದೆ. 'ಇವ ಮಜ್ಜಿಗಿಗೂ ಎರಡೆರಡ ಸಲ ಉಪ್ಪು ಹಾಕ್ಕೊಳ್ಳಾವ, ಚಿಂತಿ ಬಿಡ್ರಿ' ಅಂತ ನಕ್ರು. ಹೆಂಡ್ತೀನ ಕರಕೊಂಡ ಬರ್ರಿ ಅಂದೆ. ಅಕೀಗ ತಿಳಿಯೂದಿಲ್ಲ ಅಂದ್ರು." ಅವರು ಮೇಜು ನೋಡುತ್ತ ಕೂತರು. "ಸಂದೇಶ ಆರಾಮಾದ ಮ್ಯಾಲ ಅವಗೂ ಹೇಳಲಿಲ್ಲ. ನಾನ ಹಟಾ ಹಿಡೀಬೇಕಿತ್ತು."

ಥೈರಾಯ್ಡ್ ಅಂದಿದ್ದ ಅಣ್ಣ. ಏನೂ ತಿಳಿಯದು ಅಂದಿದ್ದ ಅಣ್ಣ.

* * *

ಇನ್ನೊಂದೇ ಪ್ರಶ್ನೆ ಉಳಿದಿತ್ತು. ಅದರ ಉತ್ತರ ಬಸದಿಯಲ್ಲಿತ್ತು. ಪೂಜೆ ಮಾಡುವ ಪಾರಿಸ ಪಂಡಿತರು ಜಗಲಿ ಒರೆಸುತ್ತಿದ್ದರು.

"ಸಂದೇಶ ವ್ರತಾ ಹಿಡದಾಗ ನೀವ ಇದ್ರೇನ್ರಿ?"

"ಇದ್ದೆ. ಬಸದಿ ತುಂಬ ಮಂದಿ ಇತ್ತು. ಮುನಿ ಮಹಾರಾಜರು ಹಂಗ ಸುಮ್ಮ ವ್ರತಾ ಕೊಡೂದಿಲ್ರಿ. ದೇಹ ಪ್ರಕೃತಿ ಸರಿ ಐತೇನು, ಮನಿಯವರ ಒಪ್ಪಿಗಿ ಐತೇನು ಅಂತ ಕೇಳಿ ಕೊಡತಾರ."

"ಒಪ್ಪಿಗಿ ಯಾರು ಕೊಟ್ರು?"

"ಮನೀ ಹಿರಿಯರು. ಧರಣೇಂದ್ರ."

* * *

ಅದೇ ಪಡಸಾಲೆ. ಜಿನಮತಿ ಅದೇ ಗೋಡೆಗೆ ಒರಗಿದ್ದಳು. ಮನಿಷಾ ಬಾಗಿಲ ಹಿಂದೆ. ನೀಲಮ ಪೊಟ್ಟಣವನ್ನು ಧರಣೇಂದ್ರನ ಮುಂದೆ ಇಟ್ಟಳು.

"ಇದು ವಿಷಾ ಅಲ್ರಿ. ಉಪ್ಪು. ನಿಮ್ಮ ಅಡಗಿಮನೀದು."

"ಹಂಗಾರ ಮನಿಷಾನ ಒಯ್ದಿರಬೇಕು."

"ಮನಿಷಾಗ ಉಪ್ಪಿನ ವಿಷಯ ಗೊತ್ತಿದ್ರ ಬೋಗಾಣ್ಯಾಗ ಒಂದ ಚಿಟಿಕಿ ಹಾಕತಿದ್ಲು. ಯಾರಿಗೂ ತಿಳೀತಿರಲಿಲ್ಲ. ಕಾಗದದಾಗ ಕಟಗೊಂಡು ಪಂಪ್‌ಹೌಸಿಗೆ ಯಾಕ ಒಯ್ತಾಳ? ಒಯ್ದವರಿಗೆ ಉಪ್ಪ ಔಷಧ ಅಂತ ಗೊತ್ತಿತ್ತು. ಆದ್ರ ಅಡಗಿ ಅವರ ಕೈಯಾಗ ಇರಲಿಲ್ಲ. ಬಾಯಿ ಬಿಟ್ಟು ಹೇಳಾಕೂ ಆಗತಿರಲಿಲ್ಲ. ಈ ಮನ್ಯಾಗ ಡಾಕ್ಟರ ಮಾತು ಕೇಳಿದವರು ಒಬ್ಬರ."

ಧರಣೇಂದ್ರ ಪೊಟ್ಟಣವನ್ನೇ ನೋಡಿದ.

"ಬಸದ್ಯಾಗ ಮಂದಿ ಇದ್ರು," ಅಂದ. "ಚಿಕ್ಕೋಡಿ ಬೀಗರು ಮುಂದಿನ ಸಾಲಿನ್ಯಾಗ ಕುಂತಿದ್ರು. ಉಪ್ಪು ಬಿಡಬ್ಯಾಡ ಅಂದ್ರ ಯಾಕ ಅಂತ ಕೇಳತಿದ್ರು. ಏನಂತ ಹೇಳ್ಲಿ? ಹತ್ತ ದಿನಕ್ಕ ಏನ ಆಗತೈತಿ ಅನ್ಕೊಂಡೆ. ಕೈ ನಡುಗಾಕ ಹತ್ತಿದ ಮ್ಯಾಲ ಅಂಜಿಕಿ ಬಂತು. ಅವ ಪಂಪ್‌ಹೌಸಿಗೆ ಹೋದದ್ದ ನೋಡಿ ಹಿಂದಿಂದ ಉಪ್ಪು ಒಯ್ದೆ. ನೀರಾಗ ಕಲಸಿ ಕುಡಿ ಅಂದೆ. 'ದಾದಾ, ಒಂದ ದಿನಾ ಉಳದೈತಿ, ಈಗ ಮುರೀಲೇನು?' ಅಂದ. ನಾಲಿಗಿ ತೊದಲತಿತ್ತು. ಲೋಟ ದೂಡಿದ."

"ಆಗರ ಆಸ್ಪತ್ರೀಗೆ ಒಯ್ಯಬೇಕಿತ್ತಲ್ರಿ?"

"ಮನ್ಯಾಗ ಬೀಗರು ಲಗ್ನದ ಮಾತಿಗೆ ಕುಂತಿದ್ರು."

ಗೋಡೆಯ ಕಡೆಯಿಂದ ದನಿ ಬಂತು. ಮೂರು ದಿನದಲ್ಲಿ ಜಿನಮತಿ ಆಡಿದ ಮೊದಲ ಮಾತು.

"ಅವನ ಜೀವಂತೂ ಹೋತು. ಈ ಹುಡಗಿ ಮ್ಯಾಲ ಯಾಕ ಹಾಕಿದ್ಯೋ?"

"ಯಾರ ಮ್ಯಾಲರ ಹಾಕಬೇಕಿತ್ತವಾ."

ಜಿನಮತಿ ಮಗನನ್ನು ನೋಡಿದಳು. ಆಮೇಲೆ ಗೋಡೆಯ ಕಡೆ ಹೊರಳಿ ಕೂತಳು. ರಾವಸಾಹೇಬ ಅವನ ತೋಳು ಹಿಡಿದಾಗಲೂ ಈ ಕಡೆ ತಿರುಗಲಿಲ್ಲ.

* * *

ಕೆಲವು ತಿಂಗಳ ಮೇಲೆ ನೀಲಮ ಬೋಗಾಣಿ ಮರಳಿಸಲು ಬಂದಳು. ಕೋರ್ಟಿನಿಂದ ಬಿಡಿಸಿ ತಂದಿದ್ದಳು. ಸೀಲಿನ ಅರಗು ಇನ್ನೂ ಅಂಚಿಗೆ ಅಂಟಿತ್ತು.

ಮನಿಷಾ ಎರಡೂ ಕೈಯಲ್ಲಿ ತೆಗೆದುಕೊಂಡಳು. ಉಗುರಿನಿಂದ ಅರಗು ಕೆರೆಯತೊಡಗಿದಳು.

"ಮ್ಯಾಡಮ್, ಒಂದ ಮಾತು ಕೇಳ್ಲೇನು? ಚಹಾಕ್ಕ ಸಕ್ಕರಿ ಕಮ್ಮಿ ಆಗಿದ್ದಕ್ಕ ಜಗಳಾ ತಗದ ಮನಶ್ಯಾರಿ ಅವರು."

"ಹೂಂ."

"ಒಂಬತ್ತ ದಿನಾ ಸಪ್ಪನ ಸಾರು ನೀಡೀನಿ. ಒಂದ ದಿನರ ಬಾಯಿ ಕೆಟ್ಟೈತಿ ಅನ್ನಲಿಲ್ಲ. 'ಚಲೋ ಆಗೈತಿ, ಇನ್ನೊಂದ ಸೌಟು ಹಾಕು' ಅನ್ನತಿದ್ರು." ಅವಳ ಉಗುರು ನಿಂತಿತು. "ಅವಾಗರ ಅವರು ಜಗಳಾ ಮಾಡಬೇಕಿತ್ತಿಲ್ಲರಿ?"

ಒಳಗಿನಿಂದ ಮಗಳು ಹಸಿವೆಂದು ಕೂಗಿದಳು. ಮನಿಷಾ ಎದ್ದು, ಬೋಗಾಣಿ ತೊಳೆದು, ಒಲೆಯ ಮೇಲೆ ಇಟ್ಟಳು. ಉಪ್ಪಿನ ಡಬ್ಬಿಯ ಮುಚ್ಚಳ ತೆಗೆದು ಹಾಗೆಯೇ ನಿಂತಳು.